ಕಾಡು ಟೊಮೆಟೊ

ನಮ್ಮ ಸಾರು ಗೊಜ್ಜುಗಳಿಗೆ ರುಚಿಯನ್ನೀಯುವ ಟೊಮೆಟೊ ಇಂದು ಕೋಲಾರದ ಹೊಲಗಳಲ್ಲಿ ಹೇರಳವಾಗಿ ಬೆಳೆಯುತ್ತದೆ. ಆದರೆ ಅದರ ತವರು ಈ ನೆಲವಲ್ಲ. ದಕ್ಷಿಣ ಅಮೆರಿಕದ ಪಶ್ಚಿಮ ಭಾಗ. ಅಲ್ಲಿನ ಪೆರು ಮತ್ತು ಈಕ್ವೆಡಾರ್ ದೇಶಗಳಲ್ಲಿ ಹೊಲದ ಬದುಗಳ ಮೇಲೆ, ಕಾಲುವೆಗಳ ದಡದಲ್ಲಿ ಒಂದು ಬಗೆಯ ಕಾಡು ಟೊಮೆಟೊ ಇಂದಿಗೂ ತಾನಾಗಿಯೇ ಬೆಳೆಯುತ್ತದೆ. ಅದರ ಹಣ್ಣಿನ ಅಗಲ ಸುಮಾರು 1 ಸೆಂಟಿಮೀಟರ್ ಮಾತ್ರ. ನಮ್ಮ ದೊಡ್ಡ ಹಣ್ಣುಗಳಿಗೆ ಈ ಪುಟ್ಟ ಹಣ್ಣೇ ಪೂರ್ವಜ.

ಮಾನವನು ತಲೆತಲಾಂತರದಿಂದ ದೊಡ್ಡ ಹಣ್ಣಿನ ಬೀಜಗಳನ್ನೇ ಆರಿಸಿ ಬಿತ್ತುತ್ತ ಬಂದನು. ಹಣ್ಣೇನೋ ಹಿಗ್ಗಿತು, ಆದರೆ ರೋಗಗಳನ್ನು ಎದುರಿಸುವ ಹಲವು ಗುಣಗಳು ಕಾಡಿನ ಗಿಡದಲ್ಲಿಯೇ ಉಳಿದುಹೋದವು. ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ಸೊರಗು ರೋಗವು ಟೊಮೆಟೊ ತೋಟಗಳನ್ನೇ ಹಾಳುಗೆಡವುತ್ತಿತ್ತು. ಅದನ್ನು ತಡೆಯುವ ಶಕ್ತಿಯು ಕಾಡು ಟೊಮೆಟೊವಿನ ಒಂದು ತಳಿಯಲ್ಲಿದೆಯೆಂದು ಅಮೆರಿಕದ ವಿಜ್ಞಾನಿಗಳು 1940ರಲ್ಲಿ ಪ್ರಕಟಿಸಿದರು. ಸಂಕರಣದ ಮೂಲಕ ಆ ಗುಣವನ್ನು ತೋಟದ ಗಿಡಕ್ಕೆ ತರಲಾಯಿತು. ಆ ಪುಟ್ಟ ಹಣ್ಣಿನ ಬೀಜವನ್ನು ಯಾರೂ ಕಾಪಾಡದಿದ್ದಲ್ಲಿ ಇದು ಸಾಧ್ಯವಾಗುತ್ತಿತ್ತೆ?

ಇಂತಹ ಬೀಜಗಳ ಸಂಗ್ರಹಕ್ಕಾಗಿ ಜೀವಮಾನವನ್ನೇ ಮುಡಿಪಾಗಿಟ್ಟವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ರಿಕ್ (1915–2002). ಗಲಾಪಗೋಸ್ ದ್ವೀಪಗಳಿಂದ ತಂದ ಮತ್ತೊಂದು ಕಾಡು ಟೊಮೆಟೊವಿನ ಬೀಜಗಳು ಎಷ್ಟು ಯತ್ನಿಸಿದರೂ ಸರಿಯಾಗಿ ಮೊಳೆಯಲಿಲ್ಲ. ಕೊನೆಗೆ ಅವರು ಆ ದ್ವೀಪಗಳ ದೈತ್ಯ ಆಮೆಗೆ ಹಣ್ಣನ್ನು ತಿನ್ನಿಸಿದರು. ಅದರ ಹೊಟ್ಟೆಯನ್ನು ಹಾದು ಹೊರಬಂದ ಬೀಜಗಳು ಚೆನ್ನಾಗಿ ಮೊಳೆತವು! ಗಟ್ಟಿಯಾದ ಸಿಪ್ಪೆಯನ್ನು ಆಮೆಯ ಜಠರರಸವು ಮೆತ್ತಗಾಗಿಸಿತ್ತು. ಈ ವಿಷಯವು 1961ರಲ್ಲಿ ಪ್ರಕಟವಾಯಿತು.

ಪೆರುವಿನ ಕಾಡು ಟೊಮೆಟೊವಿಗೆ ಇಂತಹ ನೆರವು ಬೇಕಾಗಿಲ್ಲ. ಬೀಜ ದೊರೆತರೆ ಶಾಲೆಯ ಕೈತೋಟದಲ್ಲಿಯೂ ಅದನ್ನು ಬೆಳೆಯಬಹುದು. ಮಣ್ಣು, ಮರಳು ಮತ್ತು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರಗಳನ್ನು ಬೆರೆಸಿ ಸಸಿಮಡಿ ಮಾಡಬೇಕು. ಬೀಜಗಳನ್ನು ಅರ್ಧ ಸೆಂಟಿಮೀಟರ್ ಆಳದಲ್ಲಿ ಬಿತ್ತಿ ಹದವಾಗಿ ನೀರು ಚಿಮುಕಿಸಿದರೆ ಸುಮಾರು ಒಂದು ವಾರದಲ್ಲಿ ಮೊಳಕೆ ಕಾಣಿಸುತ್ತದೆ. ನಾಲ್ಕೈದು ಎಲೆಗಳು ಮೂಡಿದ ಬಳಿಕ, ಬಿಸಿಲು ಬೀಳುವ ಜಾಗದಲ್ಲಿ ಮೂರು ಅಡಿಗೊಂದರಂತೆ ಸಸಿಗಳನ್ನು ನಾಟಿ ಮಾಡಬೇಕು. ಗಿಡವು ಬಳ್ಳಿಯಂತೆ ಹರಡುವುದರಿಂದ ಗೂಟದ ಆಸರೆ ಅಗತ್ಯ. ನೀರು ನಿಲ್ಲದಂತೆ ಎಚ್ಚರ ವಹಿಸಬೇಕು. ಮುಂದೆ ಗೊಂಚಲು ಗೊಂಚಲಾಗಿ ಕೆಂಪು ಹಣ್ಣುಗಳು ತೂಗಾಡುತ್ತವೆ.

ಬೀಜಕ್ಕಾಗಿ ಆರೋಗ್ಯವಂತ ಗಿಡದ ಪೂರ್ಣ ಮಾಗಿದ ಹಣ್ಣುಗಳನ್ನೇ ಆರಿಸಬೇಕು. ಈ ಹೂಗಳಿಗೆ ದುಂಬಿಗಳು ಬೇರೆ ತಳಿಯ ಪರಾಗವನ್ನು ತರಬಹುದಾದ ಕಾರಣ ಇತರ ಟೊಮೆಟೊ ಗಿಡಗಳು ದೂರದಲ್ಲಿರುವುದು ಲೇಸು. ಹಣ್ಣನ್ನು ಹಿಚುಕಿ ಬಟ್ಟಲಿನಲ್ಲಿ ಎರಡು ದಿನ ಬಿಟ್ಟರೆ, ಮೊಳಕೆಯನ್ನು ತಡೆಯುವ ಲೋಳೆ ಕಳಚಿಕೊಳ್ಳುತ್ತದೆ. ಅನಂತರ ಬೀಜವನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ವರ್ಷವನ್ನು ಬರೆದು ಕಾಗದದ ಪೊಟ್ಟಣದಲ್ಲಿಡಬೇಕು. ತೇವ ತಗಲದಂತೆ ಇಟ್ಟರೆ ಬೀಜವು ಹಲವು ವರ್ಷಗಳವರೆಗೆ ಜೀವಂತವಾಗಿರುತ್ತದೆ.

ಗಾತ್ರದಿಂದ ಯಾವುದರ ಬೆಲೆಯನ್ನೂ ಅಳೆಯಲಾಗದು. ನಾಳೆ ಯಾವ ರೋಗ ಬಂದೀತೆಂದು ಯಾರೂ ಅರಿಯರು. ಅದಕ್ಕೆ ಮದ್ದಾಗುವ ಗುಣವು ಯಾವುದೋ ಬದುವಿನ ಮೇಲಿನ ಕಿರುಹಣ್ಣಿನಲ್ಲಿ ಅಡಗಿರಬಹುದು. ಅಂತಹ ಬೀಜವನ್ನು ಬಿತ್ತಿ, ಬೆಳೆದು, ಮತ್ತೊಬ್ಬರ ಕೈಗೆ ದಾಟಿಸುವುದು ಮುಂದಿನ ಪೀಳಿಗೆಗೆ ನಾವು ಸಲ್ಲಿಸುವ ಸೇವೆಯೇ ಸರಿ.

ಅಭ್ಯಾಸ

1. ಗಲಾಪಗೋಸ್ ದ್ವೀಪದ ಟೊಮೆಟೊ ಬೀಜಗಳು ಮೊಳೆಯಲು ಆಮೆಯು ಹೇಗೆ ನೆರವಾಯಿತು?
2. ಬೀಜವನ್ನು ಸಂಗ್ರಹಿಸುವ ಕ್ರಮವನ್ನು ವಿವರಿಸಿರಿ.
3. ‘ಗಾತ್ರದಿಂದ ಯಾವುದರ ಬೆಲೆಯನ್ನೂ ಅಳೆಯಲಾಗದು’ – ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.