ಅತ್ತಿಯ ಮರವೂ ಅದರ ಹುಳುವೂ

ಅತ್ತಿಯ ಹಣ್ಣನ್ನು ಬಿಚ್ಚಿದರೆ ಬರೀ ಹುಳು ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರು ವಿರಳ. ಹೊರಗೆ ಚಂದ, ಒಳಗೆ ಕೊಳಕು ಎಂಬರ್ಥದಲ್ಲಿ ಅದನ್ನು ಮನುಷ್ಯರಿಗೆ ಅನ್ವಯಿಸುವದು ವಾಡಿಕೆ. ಆದರೆ ಗಾದೆಯ ನೀತಿಯನ್ನು ಬದಿಗಿಟ್ಟು ಆ ಹುಳುವನ್ನೇ ವಿಚಾರಿಸಿದರೆ, ಅದು ಕಳ್ಳತನದಿಂದ ಒಳಹೊಕ್ಕದ್ದಲ್ಲ, ಮರವೇ ಬರಮಾಡಿಕೊಂಡ ಅತಿಥಿಯೆಂದು ತಿಳಿಯುವದು. ಜೀವಜಾತಿಗಳು ಒಂದರೊಡನೊಂದು ಹೇಗೆ ಬಾಳುತ್ತವೆಂಬುದನ್ನು ಕಲಿಯುವದಕ್ಕೆ ಇದಕ್ಕಿಂತ ಹತ್ತಿರದ ಪಾಠವು ನಮಗೆ ತೋರದು.

ನಾವು ಅತ್ತಿಯ ಕಾಯಿ ಎನ್ನುವದು ನಿಜವಾಗಿ ನೂರಾರು ಸಣ್ಣ ಹೂಗಳನ್ನು ಒಳಗಿಟ್ಟು ಮುಚ್ಚಿದ ಚೀಲ. ಅತ್ತಿಯ ಹೂವನ್ನು ಕಂಡವರಿಲ್ಲವೆಂಬ ಮಾತು ಇದರಿಂದಲೇ ಹುಟ್ಟಿರಬೇಕು. ಚೀಲದ ತುದಿಯಲ್ಲಿ ಒಂದು ಇಕ್ಕಟ್ಟಾದ ಬಾಗಿಲುಂಟು. ಎಳ್ಳಿಗಿಂತ ದೊಡ್ಡದಲ್ಲದ ಒಂದು ಹೆಣ್ಣು ಕಣಜವು ವಾಸನೆಯ ಜಾಡು ಹಿಡಿದು ಬಂದು ಅದರೊಳಗೆ ನುಸುಳುವದು. ನುಸುಳುವಾಗ ರೆಕ್ಕೆಗಳು ಮುರಿದುಹೋಗುವವು. ಅದು ಕೆಲವು ಹೂಗಳಲ್ಲಿ ಮೊಟ್ಟೆಯಿಡುವದು. ಎದೆಯ ಜೇಬಿನಂಥ ಕುಳಿಗಳಲ್ಲಿ ತುಂಬಿತಂದ ಪರಾಗವನ್ನು ಹೂಗಳಿಗೆ ಹಚ್ಚುವದು. ಬಳಿಕ ಅಲ್ಲಿಯೇ ಸಾಯುವದು. ಮೊಟ್ಟೆಯುಳ್ಳ ಹೂವು ಮರಿಯನ್ನು ಸಾಕುವದು, ಪರಾಗ ಪಡೆದ ಹೂವು ಬೀಜ ಕಟ್ಟುವದು. ಮರಿಗಳಲ್ಲಿ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಟು, ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯನ್ನು ಕೊರೆದು ದಾರಿಮಾಡುವವು. ಆ ದಾರಿಯಿಂದ ಹೆಣ್ಣುಗಳು ಹೊಸ ಪರಾಗವನ್ನು ಹೊತ್ತು ಹಾರಿಹೋಗುವವು. ಅವುಗಳ ಆಯುಷ್ಯವು ಒಂದೆರಡು ದಿನ ಮಾತ್ರ.

ಇದನ್ನು ಬರೇ ಸ್ನೇಹವೆಂದು ಹೇಳುವದಕ್ಕೆ ನಮಗೆ ಮನಸ್ಸಿಲ್ಲ. ಮರಿ ಬೆಳೆದ ಪ್ರತಿಯೊಂದು ಹೂವು ಮರಕ್ಕೆ ಒಂದು ಬೀಜದ ನಷ್ಟವೇ ಸರಿ. ಮರವು ಆ ಕೂಲಿಯನ್ನು ತೆತ್ತು ಕೆಲಸ ಮಾಡಿಸಿಕೊಳ್ಳುವದು. ಕೂಲಿಯಿರುವಲ್ಲಿ ಕಳ್ಳರೂ ಬರುವರು. ಬೇರೆ ಜಾತಿಯ ಕಣಜಗಳು ಒಳಗೆ ಹೋಗುವ ಶ್ರಮವಿಲ್ಲದೆ, ಹೊರಗೆ ನಿಂತು ಉದ್ದವಾದ ಸೂಜಿಯನ್ನು ಕಾಯಿಯೊಳಕ್ಕಿಳಿಸಿ ಮೊಟ್ಟೆಯಿಡುವವು. ಅವುಗಳಲ್ಲಿ ಕೆಲವುಗಳ ಮರಿಗಳು ಒಳಗಿರುವ ಮರಿಗಳನ್ನೇ ತಿಂದು ಬೆಳೆಯುವವು. ಅಂಥ ಒಂದರ ಸೂಜಿಯ ತುದಿಯು ಸತುವಿನ ಅಂಶದಿಂದ ಗಟ್ಟಿಯಾಗಿದೆಯೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ೨೦೧೪ರಲ್ಲಿ ಪ್ರಕಟಿಸಿದರು. ಹೆಣ್ಣುಮಕ್ಕಳ ಹೊಲಿಗೆಯ ಪೆಟ್ಟಿಗೆಯಲ್ಲಿಯೂ ಅಂಥ ನಯವಾದ ಸೂಜಿಯಿರಲಾರದು! ಎಲೆಗಳನ್ನು ಹೆಣೆದು ಗೂಡುಮಾಡುವ ಚಿಗಳಿ ಇರುವೆಗಳು ಕಾಯಿಯ ಮೇಲೆ ತಿರುಗಾಡುತ್ತಾ ಈ ಕಳ್ಳರನ್ನು ಹಿಡಿದೊಯ್ಯುವವು. ಅವು ಬೇಟೆಗಾಗಿ ಬಂದವುಗಳು, ಮರದ ಹಿತಕ್ಕಾಗಿ ಅಲ್ಲ. ಆದರೂ ಮರಕ್ಕೆ ಲಾಭ.

ಹುಳುವಿಲ್ಲದೆ ಏನಾಗುವದೆಂಬುದಕ್ಕೆ ಅತ್ತಿಯ ಬಂಧುವಾದ ಅಂಜೂರವು ಸಾಕ್ಷಿ. ಅಮೇರಿಕೆಯ ಕ್ಯಾಲಿಫೋರ್ನಿಯದಲ್ಲಿ ೧೮೮೦ರ ದಶಕದಲ್ಲಿ ಸ್ಮಿರ್ನಾ ಅಂಜೂರದ ಸಸಿಗಳನ್ನು ತರಿಸಿ ನೆಟ್ಟರು. ಮರಗಳು ಚೆನ್ನಾಗಿ ಬೆಳೆದರೂ ಕಾಯಿಗಳು ಬಲಿಯದೆ ಉದುರಿದವು. ಸ್ಮಿರ್ನಾದ ರೈತರು ಕಾಡು ಅಂಜೂರದ ಕಾಯಿಗಳನ್ನು ತೋಟದ ಮರಗಳಿಗೆ ತೂಗಹಾಕುವ ಪದ್ಧತಿಯನ್ನು ಮೂಢನಂಬಿಕೆಯೆಂದು ನಕ್ಕವರಿದ್ದರು. ೧೮೯೯ರಲ್ಲಿ ಆ ಕಾಯಿಗಳ ಕಣಜವನ್ನು ತಂದು ನೆಲೆಗೊಳಿಸಿದ ಮೇಲೆಯೇ ಅಲ್ಲಿ ಫಲ ದೊರಕಿತು.

ನಮ್ಮೂರುಗಳ ಅತ್ತಿಗೂ ಇಂಥ ಆತಂಕವಿಲ್ಲದಿಲ್ಲ. ಒಂದು ಮರದ ಕಾಯಿಗಳು ಹೆಚ್ಚಾಗಿ ಒಟ್ಟಿಗೇ ಬಲಿಯುವದರಿಂದ, ಹೊರಟ ಕಣಜಕ್ಕೆ ಅದೇ ಮರದಲ್ಲಿ ಎಳೆಯ ಕಾಯಿ ಸಿಕ್ಕುವದು ದುರ್ಲಭ. ಅದು ಒಂದೆರಡು ದಿನಗಳೊಳಗೆ ಬೇರೊಂದು ಮರವನ್ನು ಮುಟ್ಟಬೇಕು. ಗಾಳಿಯು ಅದನ್ನು ದೂರ ಒಯ್ಯುವದು ನಿಜ. ಆದರೆ ಹಳ್ಳದ ದಂಡೆಯ, ದಾರಿಯ ಬದಿಯ ಮರಗಳನ್ನು ಒಂದೊಂದಾಗಿ ಕಡಿದು ಒಂದನ್ನೇ ನೆರಳಿಗೆಂದು ಉಳಿಸಿದರೆ, ಆ ಒಂಟಿ ಮರವು ತನ್ನ ಕಣಜಗಳ ಸಂತತಿಯನ್ನು ಉಳಿಸಲಾರದು. ಬೇರೆ ಹಣ್ಣುಗಳಿಲ್ಲದ ತಿಂಗಳಲ್ಲಿ ಅತ್ತಿಯನ್ನು ನಂಬಿದ ಬಾವಲಿ, ಮಂಗ, ಕುಟ್ರುಹಕ್ಕಿಗಳೂ ಆಗ ಹಸಿಯುವವು. ಬೀಜವನ್ನು ದೂರ ಬಿತ್ತುವವರು ಇವರೇ ಅಲ್ಲವೇ?

ಇದನ್ನು ಕಣ್ಣಾರೆ ನೋಡಬೇಕೆಂಬ ತಾಯಿಯರೂ ಮಕ್ಕಳೂ, ಕೆಂಪಾಗತೊಡಗಿದ ಅತ್ತಿಯ ಕಾಯಿಗಳನ್ನು ಗಾಜಿನ ಭರಣಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಬೆಳಿಗ್ಗೆ ನೋಡಲಿ. ಕಾಯಿಯ ಹದವು ಸರಿಯಾಗಿದ್ದರೆ ಕಣಜಗಳು ಗಾಜಿನ ಮೇಲೆ ಹರಿದಾಡುತ್ತಿರುವವು. ನೋಡಿದ ಮೇಲೆ ಬಟ್ಟೆಯನ್ನು ಬೇಗನೆ ಬಿಚ್ಚಿರಿ. ಅವುಗಳಿಗೆ ಹೊತ್ತು ಕಡಿಮೆ.