ಕಾಳಿ ದಂಡೆಯಿಂದ ಫೆಲೋಶಿಪ್‌ವರೆಗೆ: ಹಿಂಜರಿಕೆ ಬಿಡುವವರಿಗೆ 9 ಸೂತ್ರಗಳು

ಅಂಬಿಕಾನಗರದ ಕೆಪಿಸಿ ಕ್ವಾರ್ಟರ್ಸ್‌ನಲ್ಲಿ ಬೆಳೆದು ಈಗ ಧಾರವಾಡದಲ್ಲಿ ಎಂಎ ಓದುತ್ತಿದ್ದೀರಾ? ದಾಂಡೇಲಿಯಲ್ಲೋ ಹಳಿಯಾಳದಲ್ಲೋ ಅತಿಥಿ ಉಪನ್ಯಾಸಕರಾಗಿ ವರ್ಷ ದೂಡುತ್ತಿದ್ದೀರಾ? ಹಾಗಿದ್ದರೆ ಎನ್ವಿರಾನ್‌ಮೆಂಟಲ್ ಹ್ಯುಮ್ಯಾನಿಟೀಸ್ ಎಂಬ ಕ್ಷೇತ್ರದ ಕಡೆ ನೋಡಿ. ಕಾಡಿನಲ್ಲಿ ಎಷ್ಟು ಹುಲಿಗಳಿವೆ ಎಂದು ಎಣಿಸುವುದು ವಿಜ್ಞಾನಿಯ ಕೆಲಸ. ಆ ಕಾಡು ಯಾವಾಗ ಹುಲಿಯ ಕಾಡಾಯಿತು, ಹಾಗೆಂದು ತೀರ್ಮಾನಿಸಿದವರು ಯಾರು, ಅಲ್ಲಿದ್ದ ಕುಣಬಿ ಸಮುದಾಯದ ಬದುಕು ಏನಾಯಿತು ಎಂದು ಕೇಳುವುದು ಈ ಕ್ಷೇತ್ರದ ಕೆಲಸ. ಇತಿಹಾಸ, ಸಾಹಿತ್ಯ, ಜಾನಪದ, ಸಮಾಜಶಾಸ್ತ್ರ ಓದಿದ ಎಲ್ಲರಿಗೂ ಇಲ್ಲಿ ಜಾಗವಿದೆ.

1. ನಿಮ್ಮ ಊರನ್ನೇ ಟಾಪಿಕ್ ಮಾಡಿ.

ದೂರದ ಅಮೆಜಾನ್ ಬಿಡಿ. ಗಣೇಶಗುಡಿಯಲ್ಲಿ ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಅದರ ಹಿನ್ನೀರಿನಲ್ಲಿ ಸೂಪಾ ಊರು ಮುಳುಗಿದೆ. ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು, ಎಷ್ಟೋ ಕುಟುಂಬಗಳು ರಾಮನಗರಕ್ಕೆ ಬಂದವು. ಅದೇ ಕಾಳಿಯ ನೀರು ನಾಗಝರಿಯಲ್ಲಿ ವಿದ್ಯುತ್ತಾಗುತ್ತದೆ, ಆ ವಿದ್ಯುತ್ತಿಗಾಗಿಯೇ ನಿಮ್ಮ ಅಂಬಿಕಾನಗರ ಟೌನ್‌ಶಿಪ್ ಹುಟ್ಟಿತು. ಮುಳುಗಿದ ಊರು, ಹುಟ್ಟಿದ ಊರು ಎರಡೂ ಒಂದೇ ನದಿಯ ಮೇಲಿವೆ. ಪಿಎಚ್‌ಡಿಗೆ ಇಷ್ಟು ಸಾಲದೇ? ಶರಾವತಿಯ ಮುಳುಗಡೆಯನ್ನು ನಾ. ಡಿಸೋಜ ಕಾದಂಬರಿಗಳಲ್ಲಿ ಕಟ್ಟಿಕೊಟ್ಟರು. ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಅವೆರಡನ್ನೂ ಎದುರಿಗಿಟ್ಟುಕೊಂಡು ರಾಮನಗರದ ಹಿರಿಯರ ಮಾತು ಕೇಳಿ. ನಿಮ್ಮ ಮೊದಲ ಪೇಪರ್ ಅಲ್ಲೇ ಸಿಗುತ್ತದೆ.

2. ಟಾಪಿಕ್ ಸಾಕಾಗದು, ಪ್ರಶ್ನೆ ಹಿಡಿಯಿರಿ.

'ದಾಂಡೇಲಿಯ ಪರಿಸರ: ಒಂದು ಅಧ್ಯಯನ' ಎಂದು ಬರೆದ ಅರ್ಜಿಯನ್ನು ಯಾವ ಸಮಿತಿಯೂ ಎರಡನೇ ಸಲ ತೆರೆಯುವುದಿಲ್ಲ. ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ ನಿಮ್ಮ ಜಿಲ್ಲೆಯದೇ ಉದಾಹರಣೆ ಇದೆ. 1950ರ ದಶಕದಲ್ಲಿ ದಾಂಡೇಲಿಗೆ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಬಂತು. ಅದಕ್ಕೆ ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಕೊಟ್ಟಿತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಬಿದಿರು ಕಡಿಮೆಯಾಗತೊಡಗಿದಾಗ ಹಳ್ಳಿಯವರು ಕಡಿಯುತ್ತಾರೆ, ದನ ಮೇಯಿಸುತ್ತಾರೆ ಎಂಬ ದೂರು ಎದ್ದಿತು. 1970ರ ದಶಕದಲ್ಲಿ ಗಾಡ್ಗೀಳ್ ಮತ್ತು ಸಂಗಡಿಗರು ಕಾಡಿಗಿಳಿದು ನೋಡಿದರು. ಕಡಿಯಲು ಅನುಕೂಲವಾಗಲೆಂದು ಮೆಳೆಯ ಬುಡದ ಮುಳ್ಳುಗಳನ್ನು ಸವರಲಾಗುತ್ತಿತ್ತು. ಮುಳ್ಳು ಹೋದಮೇಲೆ ಎಳೆ ಕಳಲೆಗೆ ಕಾವಲಿಲ್ಲ. ದನ, ಕಾಡುಪ್ರಾಣಿ ಎಲ್ಲವೂ ಬಾಯಿ ಹಾಕಿದವು. ಮುಳ್ಳು ತೆಗೆಯಬೇಡಿ ಎಂದು ಹಳ್ಳಿಯವರು ಮೊದಲೇ ಹೇಳಿದ್ದರು, ಅಧ್ಯಯನ ಅದನ್ನೇ ಸಾಬೀತು ಮಾಡಿತು.

ಇಲ್ಲಿರುವ ಪ್ರಶ್ನೆಯನ್ನು ಗಮನಿಸಿ. ಬಿದಿರು ಯಾಕೆ ಕಡಿಮೆಯಾಯಿತು ಎಂಬುದು ಅದರ ಅರ್ಧ ಮಾತ್ರ. ಗೊತ್ತಿದ್ದವರ ಮಾತು ಯಾಕೆ ಲೆಕ್ಕಕ್ಕೆ ಬರಲಿಲ್ಲ ಎಂಬುದು ಉಳಿದರ್ಧ, ಅದು ನಿಮ್ಮದು. ಗಾಡ್ಗೀಳ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಜೊತೆಗೂಡಿ 1992ರಲ್ಲಿ ಭಾರತದ ಪರಿಸರ ಚರಿತ್ರೆಯ ಪುಸ್ತಕವನ್ನೇ ಬರೆದರು. ವಿಜ್ಞಾನಿಗೂ ಇತಿಹಾಸಕಾರ ಬೇಕಾಗುತ್ತಾನೆ. ನಿಮ್ಮ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿ. ಅದರಲ್ಲಿ 'ಯಾಕೆ' ಅಥವಾ 'ಹೇಗೆ' ಇಲ್ಲದಿದ್ದರೆ ಹರಿದು ಮತ್ತೆ ಬರೆಯಿರಿ.

3. ನೆಟ್ ಪಾಸಾಗಿ. ನೆಪ ಬೇಡ.

ಎನ್ವಿರಾನ್‌ಮೆಂಟಲ್ ಹ್ಯುಮ್ಯಾನಿಟೀಸ್ ಹೆಸರಿನ ಪೇಪರ್ ನೆಟ್‌ನಲ್ಲಿ ಇಲ್ಲ. ಹುಡುಕುತ್ತ ಕೂರಬೇಡಿ. ಇತಿಹಾಸ, ಸಮಾಜಶಾಸ್ತ್ರ, ಕನ್ನಡ, ಇಂಗ್ಲಿಷ್, ಮಾನವಶಾಸ್ತ್ರ, ಜಾನಪದ ಸಾಹಿತ್ಯ ಇವುಗಳಲ್ಲಿ ನಿಮ್ಮ ಎಂಎ ಯಾವುದೋ ಅದರಲ್ಲೇ ಬರೆಯಿರಿ. ಕೆಲಸದ ಜಾಹೀರಾತು ಬರುವುದೂ ಈ ಹೆಸರುಗಳಲ್ಲೇ. ಜೆಆರ್‌ಎಫ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. 2023ರ ಜನವರಿಯಿಂದ ಜಾರಿಯಲ್ಲಿರುವ ದರ ಇದು. ಜೆಆರ್‌ಎಫ್ ತಪ್ಪಿ ಪಿಎಚ್‌ಡಿ ಪ್ರವೇಶದ ಅರ್ಹತೆ ಮಾತ್ರ ಬಂದರೂ ಅದು ಒಂದು ವರ್ಷ ಊರ್ಜಿತ. ಆ ವರ್ಷ ವ್ಯರ್ಥ ಮಾಡಬೇಡಿ. ಕೆಸೆಟ್ ಕೂಡ ಬರೆಯಿರಿ. ರಾಜ್ಯದ ಕಾಲೇಜುಗಳಿಗೆ ಅದು ಸಾಕು.

4. ದಾಖಲೆ ಎಲ್ಲಿದೆ ಎಂದು ಮೊದಲು ತಿಳಿಯಿರಿ.

ಬೆಂಗಳೂರಿನ ಪತ್ರಾಗಾರದಲ್ಲಿ ದಾಂಡೇಲಿ ಕಾಡಿನ ಹಳೆಯ ಕಡತ ಹುಡುಕಿ ಬರಿಗೈಲಿ ಬರುವವರು ಬಹಳ. ಕಾರಣ ಸರಳ. ಉತ್ತರ ಕನ್ನಡ 1862ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಹಾಗಾಗಿ ಚೆನ್ನೈ ಮತ್ತು ಮುಂಬಯಿಯ ಪತ್ರಾಗಾರಗಳಿಗೆ ಹೋಗಲು ಯೋಜನೆ ಹಾಕಿ. ಅಲ್ಲಿವರೆಗೆ 1883ರ ಬಾಂಬೆ ಗೆಜೆಟಿಯರ್‌ನ ಕೆನರಾ ಸಂಪುಟ ಓದಿ, ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕಾಡು ಕಡಿದು ಸುಟ್ಟು ಮಾಡುವ ಕುಮ್ರಿ ಬೇಸಾಯದ ಬಗ್ಗೆ ಬ್ರಿಟಿಷ್ ಅಧಿಕಾರಿಗಳು ಏನೆಂದರು ಎಂದು ನೋಡಿ. ಆಮೇಲೆ ಜೋಯಿಡಾದ ಅಜ್ಜನೊಬ್ಬ ಏನೆನ್ನುತ್ತಾನೆ ಎಂದು ಕೇಳಿ. ಎರಡೂ ಹೊಂದುವುದಿಲ್ಲ. ಹೊಂದದಿರುವ ಜಾಗವೇ ನಿಮ್ಮ ಅಧ್ಯಾಯ.

5. ಮನೆಮಾತುಗಳನ್ನು ಸಿವಿಯ ಮೊದಲ ಪುಟಕ್ಕೆ ತನ್ನಿ.

ದಾಂಡೇಲಿಯ ಪೇಟೆಯಲ್ಲಿ ಬೆಳೆದವರು ಕನ್ನಡ, ಕೊಂಕಣಿ, ಮರಾಠಿ, ಉರ್ದುಗಳ ನಡುವೆ ಸಲೀಸಾಗಿ ಓಡಾಡುತ್ತಾರೆ, ಆದರೆ ಸಿವಿಯಲ್ಲಿ 'ಲ್ಯಾಂಗ್ವೇಜಸ್ ನೋನ್' ಎಂದು ಕೊನೆಯ ಸಾಲಿಗೆ ತಳ್ಳುತ್ತಾರೆ. ತಪ್ಪು. ಸಿದ್ದಿಗಳ ಕೊಂಕಣಿ, ಗೌಳಿಗಳ ಮರಾಠಿ ದುಭಾಷಿಯಿಲ್ಲದೆ ಅರ್ಥವಾಗುವುದಾದರೆ ಅದು ಫೀಲ್ಡ್‌ವರ್ಕ್ ಅರ್ಹತೆ. ಹೊರಗಿನ ಸಂಶೋಧಕ ಆ ಮಟ್ಟ ಮುಟ್ಟಲು ವರ್ಷಗಳು ಬೇಕು. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಇನ್ನೊಂದು ಅನುಕೂಲ ಇದೆ: ವಿದೇಶಿಯರು ಅಲ್ಲಿ ಉಳಿಯಲು ವಿಶೇಷ ಪರವಾನಗಿ ಪಡೆಯಬೇಕು, ನಿಮಗೆ ಬಸ್ ಟಿಕೆಟ್ ಸಾಕು. 1966ರಿಂದ ನೆಲೆ ನಿಂತ ಒಂದು ಸಮುದಾಯ ಹಿಮದ ನಾಡು ಬಿಟ್ಟು ಮಲೆನಾಡಿನ ಅಂಚಿನಲ್ಲಿ ಮೆಕ್ಕೆಜೋಳ ಬೆಳೆದ ಕಥೆಯನ್ನು ನೀವೇ ಯಾಕೆ ಬರೆಯಬಾರದು?

6. ಹತ್ತಿರದ ಬಾಗಿಲು ಮೊದಲು ತಟ್ಟಿ.

ಮುಂಡಗೋಡದ ಪಕ್ಕದ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಐಐಟಿ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ. ಬೆಂಗಳೂರಿನಲ್ಲಿ ಏಟ್ರೀ ಮತ್ತು ನಿಯಾಸ್ ಸಂಸ್ಥೆಗಳು ಸಮಾಜವಿಜ್ಞಾನದವರನ್ನೂ ಪಿಎಚ್‌ಡಿಗೆ ತೆಗೆದುಕೊಳ್ಳುತ್ತವೆ. ಎನ್‌ಸಿಬಿಎಸ್‌ನ ಆರ್ಕೈವ್ಸ್‌ನಲ್ಲಿ ಇಂಟರ್ನ್‌ಶಿಪ್ ಸಿಗುತ್ತದೆ. ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ. ಅವರ ಎರಡು ಲೇಖನ ಓದದೆ ಅರ್ಜಿ ಹಾಕಬೇಡಿ.

7. ಹಣದ ಮೂಲ ಒಂದೇ ಎಂದು ಕೂರಬೇಡಿ.

ಐಸಿಎಸ್‌ಎಸ್‌ಆರ್ ಮತ್ತು ಐಸಿಎಚ್‌ಆರ್ ಡಾಕ್ಟರಲ್ ಫೆಲೋಶಿಪ್ ಕೊಡುತ್ತವೆ. ಸಿದ್ದಿ ಸಮುದಾಯ ಉತ್ತರ ಕನ್ನಡದಲ್ಲಿ 2003ರಿಂದ ಪರಿಶಿಷ್ಟ ಪಂಗಡ. ಆ ಸಮುದಾಯದ ವಿದ್ಯಾರ್ಥಿಗಳು ಬುಡಕಟ್ಟು ಸಚಿವಾಲಯದ ನ್ಯಾಷನಲ್ ಫೆಲೋಶಿಪ್ ಬಿಡಬಾರದು, ವರ್ಷಕ್ಕೆ 750 ಮಂದಿಗೆ ಸಿಗುತ್ತದೆ. ಭಾರತದಲ್ಲೇ ಪಿಎಚ್‌ಡಿಗೆ ನೋಂದಾಯಿಸಿ ಕೆಲವು ತಿಂಗಳು ಅಮೆರಿಕದಲ್ಲಿ ಓದಲು ಫುಲ್‌ಬ್ರೈಟ್-ನೆಹರು ಇದೆ. ಪಿಎಚ್‌ಡಿ ಆದಮೇಲೆ ಮ್ಯೂನಿಕ್‌ನ ರೇಚಲ್ ಕಾರ್ಸನ್ ಸೆಂಟರ್ ನೋಡಿ, 2009ರಲ್ಲಿ ಶುರುವಾದ ಅದು ಈ ಕ್ಷೇತ್ರದ ದೊಡ್ಡ ಹೆಸರು. ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವ ಕಸುವಿದ್ದರೆ ನ್ಯೂ ಇಂಡಿಯಾ ಫೌಂಡೇಶನ್‌ನ ಅನುವಾದ ಫೆಲೋಶಿಪ್‌ನಲ್ಲಿ ಕನ್ನಡವೂ ಸೇರಿ 10 ಭಾಷೆಗಳಿಗೆ ಅವಕಾಶ ಇದೆ.

ಒಂದು ಎಚ್ಚರಿಕೆ. ಪರಿಶಿಷ್ಟ ಜಾತಿಯವರಿಗಿರುವ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ನ 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ವಿಷಯಗಳನ್ನು ಹೊರಗಿಟ್ಟಿತು. ನನ್ನ ಪ್ರಕಾರ ಅದು ಅನ್ಯಾಯದ ನಿಯಮ. ಆದರೂ ಅರ್ಜಿ ಹಾಕುವ ವರ್ಷದ ಮಾರ್ಗಸೂಚಿ ಓದಿಯೇ ವಿಷಯ ಆರಿಸಿ.

8. 'ನನ್ನ ಇಂಗ್ಲಿಷ್ ಸಾಲದು' ಎನ್ನುವುದನ್ನು ನಿಲ್ಲಿಸಿ.

ಅದು ಬರೀ ಅಭ್ಯಾಸ. ಅಭ್ಯಾಸವನ್ನು ಇನ್ನೊಂದು ಅಭ್ಯಾಸದಿಂದಲೇ ಸರಿಮಾಡಬೇಕು. ದಿನಕ್ಕೊಂದು ಪುಟ ಇಂಗ್ಲಿಷ್ ಬರೆಯಿರಿ, ಜೋರಾಗಿ ಓದಿ, ಉಸಿರು ಕಟ್ಟುವ ವಾಕ್ಯ ಮುರಿಯಿರಿ. ಸಮಿತಿಗೆ ಬೇಕಾದದ್ದು ತಿಳಿಯಾದ ವಾದ. ಭಾರದ ಪದಗಳ ಹಿಂದೆ ಅಡಗಿದವರನ್ನು ಅವರು ಎರಡು ನಿಮಿಷದಲ್ಲಿ ಹಿಡಿಯುತ್ತಾರೆ. ಕನ್ನಡದಲ್ಲಿ ಬರೆಯುವುದನ್ನೂ ಬಿಡಬೇಡಿ. ಪತ್ರಿಕೆಗೆ ಬರೆದ ಒಂದು ಗಟ್ಟಿ ಲೇಖನ ಇಂಟರ್‌ವ್ಯೂನಲ್ಲಿ ಮಾತಾಡಲು ವಿಷಯ ಕೊಡುತ್ತದೆ. ದುಡ್ಡು ಕೇಳಿ ವಾರದಲ್ಲಿ ಪೇಪರ್ ಛಾಪಿಸುವ ಜರ್ನಲ್‌ಗಳ ಹತ್ತಿರವೂ ಸುಳಿಯಬೇಡಿ. ಯುಜಿಸಿ 2025ರಲ್ಲಿ ಕೇರ್ ಪಟ್ಟಿ ಕೈಬಿಟ್ಟ ಮೇಲೆ ಒಳ್ಳೆಯ ಜರ್ನಲ್ ಗುರುತಿಸುವ ಹೊಣೆ ಇನ್ನಷ್ಟು ನಿಮ್ಮ ಮತ್ತು ಗೈಡ್ ಮೇಲೆ ಬಿದ್ದಿದೆ.

9. ಪರವಾನಗಿ, ಪತ್ರ, ತಾರೀಖು: ಮೂರನ್ನೂ ಮುಂಚೆಯೇ ಮುಗಿಸಿ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಂಶೋಧನೆ ಮಾಡಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಪರಿಚಯದ ಗಾರ್ಡ್ ಇದ್ದಾರೆಂದು ಒಳಗೆ ಹೋಗಬೇಡಿ, ಥೀಸಿಸ್ ಮುಗಿಯುವ ಹೊತ್ತಿಗೆ ಅದು ಕುತ್ತಿಗೆಗೆ ಬರುತ್ತದೆ. ಅನುಮತಿ ತಡವಾದರೆ ಅಂಬಿಕಾನಗರ, ರಾಮನಗರದಂಥ ಹೊರಗಿನ ಊರುಗಳಲ್ಲಿ ಸಂದರ್ಶನ ಶುರು ಮಾಡಿ. ರೆಕಮೆಂಡೇಶನ್ ಪತ್ರ ಕೊಡುವ ಮೇಷ್ಟ್ರಿಗೆ ಕೊನೆಯ ದಿನಕ್ಕೆ ತಿಂಗಳು ಮುಂಚೆಯೇ ಹೇಳಿ. ಜೊತೆಗೆ ನಿಮ್ಮ ಸಿವಿ, ಪ್ರಪೋಸಲ್ ಎರಡನ್ನೂ ಕಳಿಸಿ.

ನಿಮ್ಮ ಗೈಡ್ ಆಗಬಹುದಾದವರಿಗೆ ಇವತ್ತೇ ಮೇಲ್ ಬರೆಯಿರಿ. ಹತ್ತು ಸಾಲು ಮೀರಬಾರದು: ನೀವು ಯಾರು, ನಿಮ್ಮ ಪ್ರಶ್ನೆ ಏನು, ಅವರ ಯಾವ ಬರಹ ಓದಿ ಈ ಮೇಲ್ ಬರೆಯುತ್ತಿದ್ದೀರಿ, ಅವರಿಂದ ಏನು ಬೇಕು. 'ರೆಸ್ಪೆಕ್ಟೆಡ್ ಸರ್' ಎಂದು ಎಂಟು ಮಂದಿಗೆ ಒಂದೇ ಮೇಲ್ ಕಳಿಸಿದರೆ ಎಂಟೂ ಕಸದ ಬುಟ್ಟಿಗೆ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಆಗಲೂ ಬರದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಬರೆಯಿರಿ.