ಸತ್ತಿದೆಯೋ, ಕಾಯುತ್ತಿದೆಯೋ?

ಆಲಮಟ್ಟಿ
ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ "ದೊಡ್ಡಪ್ಪ, ಲಿನಕ್ಸ್ ಗೆಸ್ಟ್ ಹ್ಯಾಂಗ್ ಆಗ್ಯದ, ರೀಬೂಟ್ ಮಾಡಿಬಿಡ್ಲ್ಯಾ?" ಅಂತ ಕೇಳಿದೆ. ನಾನು "ತಡಿ" ಅನ್ನುವಷ್ಟರಲ್ಲಿ ಅತ್ತ ನಿನ್ನನ್ನು ಯಾರೋ ಕರೆದರು, ನೀನು ಫೋನ್ ಇಟ್ಟುಬಿಟ್ಟೆ. ರೀಬೂಟ್ ಮಾಡಿರುತ್ತೀ, ಅದು ಎದ್ದೂ ಇರುತ್ತದೆ. ನನಗೆ ಕಸಿವಿಸಿಯಾದದ್ದು ಅದು ಎದ್ದಿತಲ್ಲ ಅಂತಲೇ. ಯಾಕೆ ಮಲಗಿತ್ತು ಅನ್ನುವುದಕ್ಕೆ ಇದ್ದ ಸಾಕ್ಷಿಯೆಲ್ಲ ಆ ಒಂದು ರೀಬೂಟಿನಲ್ಲಿ ಅಳಿಸಿಹೋಯಿತು. ಮುಂದಿನ ತಿಂಗಳು ಅದೇ ಗೆಸ್ಟ್ ಅದೇ ಹೊತ್ತಿಗೆ ಮತ್ತೆ ಮಲಗಿದರೆ ನೀನು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಫೋನಿನಲ್ಲಿ ನೀನು ಅರ್ಧ ಕೇಳುತ್ತೀ, ಅರ್ಧ ಟೈಪ್ ಮಾಡುತ್ತೀ. ಅದಕ್ಕೇ ಈ ಕಾಗದ.

ಕ್ಲೌಡ್ ಕೆಲಸ ಮಾಡುವ ಗೆಳತಿಯರು ನಿನ್ನ ಮೇನ್‌ಫ್ರೇಮನ್ನು ಅಜ್ಜನ ಕಾಲದ್ದು ಎಂದು ನಗುತ್ತಾರೆ ಅಂದಿದ್ದೆ. ನಗಲಿ ಬಿಡು. ಅವರು ದಿನವೂ ಸಾಲುಗಟ್ಟಿ ಹುಟ್ಟಿಸಿ ಅಳಿಸುವ ವರ್ಚುವಲ್ ಮಷೀನು ಹುಟ್ಟಿದ್ದೇ ಈ ಅಜ್ಜನ ಮನೆಯಲ್ಲಿ. ಅಮೆರಿಕದ ಕೇಂಬ್ರಿಜ್‌ನಲ್ಲಿ ಐಬಿಎಂನವರು 1967ರ ಹೊತ್ತಿಗೇ ಸಿಪಿ-40 ಎಂಬ ವ್ಯವಸ್ಥೆಯಲ್ಲಿ ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ಓಡಿಸಿದ್ದರು. 1972ರ ಆಗಸ್ಟ್ 2ರಂದು ಅದರ ಕುಲದ ವಿಎಂ/370 ಘೋಷಣೆಯಾಯಿತು. ನೀನೀಗ ಹೆಣಗುತ್ತಿರುವ ಝಡ್/ವಿಎಂ ಅದರ ವಂಶದ ಕುಡಿ. ಲಿನಕ್ಸ್ ಅದರ ಮೇಲೆ ಏರಿದ್ದು ಬಹಳ ತಡವಾಗಿ: ಜರ್ಮನಿಯ ಬೋಬ್ಲಿಂಗನ್‌ನಲ್ಲಿ ಕೆಲವು ಎಂಜಿನಿಯರುಗಳು ಸದ್ದಿಲ್ಲದೆ ಮಾಡಿದ್ದ ಕೆಲಸವನ್ನು 1999ರ ಡಿಸೆಂಬರ್ 18ರಂದು ಐಬಿಎಂ ಹೊರಬಿಟ್ಟಿತು. ನಮ್ಮ ರಾಜ್ಯಕ್ಕೂ ಈ ಯಂತ್ರಗಳಿಗೂ ನಂಟು ಹಳೆಯದು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಕಂಪ್ಯೂಟರ್ ಸೆಂಟರಿನಲ್ಲಿ ಐಬಿಎಂ 360 ಇತ್ತು. 1978ರಲ್ಲಿ ಐಬಿಎಂ ದೇಶ ಬಿಟ್ಟು ಹೋಯಿತು, 1992ರಲ್ಲಿ ಟಾಟಾದವರ ಜೊತೆ ಸೇರಿ ಬೆಂಗಳೂರಿಗೇ ಮರಳಿತು. ನಮ್ಮಂಥವರ ಅನ್ನ ಆ ಮರಳಿಕೆಯಲ್ಲಿ ಇತ್ತು. ಇವತ್ತು ಬೆಂಗಳೂರಿನ ಲ್ಯಾಬಿನಲ್ಲೇ ಈ ಯಂತ್ರಗಳ ಕೆಲಸ ನಡೆಯುತ್ತಿದೆ ಎಂದಮೇಲೆ ನೀನು ಸಂಕೋಚಪಡುವ ಅಗತ್ಯವೇನೂ ಇಲ್ಲ.

ಇರಲಿ, ಕೆಲಸದ ಮಾತಿಗೆ ಬರೋಣ. ಗೆಸ್ಟ್ ಆಗಿ ಬಂದಿರುವ ನಿನ್ನ ಲಿನಕ್ಸ್ ತಾನೇ ಯಜಮಾನ ಎಂದು ನಂಬಿಕೊಂಡಿದೆ. ಅದರ ಕೆಳಗೆ ಝಡ್/ವಿಎಂನ ಕಂಟ್ರೋಲ್ ಪ್ರೋಗ್ರಾಂ, ಅಂದರೆ ಸಿಪಿ. ಅದರ ಕೆಳಗೆ ಯಂತ್ರವನ್ನೇ ಭಾಗ ಮಾಡಿಕೊಟ್ಟ ಎಲ್‌ಪಾರ್. ನೋವು ಕಾಣುವುದು ಮೇಲಿನ ಪದರದಲ್ಲಿ, ಕಾರಣ ಬಹಳ ಸಲ ಕೆಳಗಿನದರಲ್ಲಿ. ಲಿನಕ್ಸ್ ಒಳಗೇ ಕೂತು ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ಅದಕ್ಕೇ ನಾನು ಯಾವ ಹೊಸ ಹುಡುಗ ಹುಡುಗಿಗೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಅದು ಸತ್ತಿದೆಯೋ, ಕಾಯುತ್ತಿದೆಯೋ?

ಒಂದು ಘಟನೆ ಹೇಳುತ್ತೇನೆ. ಒಂದು ಬ್ಯಾಂಕು, ಹೆಸರು ಬೇಡ. ನಡುರಾತ್ರಿ ಬ್ಯಾಚ್ ಓಡುವಾಗ ಲಿನಕ್ಸ್ ಗೆಸ್ಟ್ ಒಂದು ಪಿಂಗ್‌ಗೂ ಉತ್ತರಿಸುತ್ತಿಲ್ಲ. ಕರೆಯಲ್ಲಿ ಹತ್ತಾರು ಜನ, ಎಲ್ಲರದೂ ಒಂದೇ ರಾಗ, ಐಪಿಎಲ್ ಮಾಡಿ (ಕ್ರಿಕೆಟ್ ಅಲ್ಲ, ಮತ್ತೆ ಬೂಟ್ ಮಾಡಿ ಅಂತ). ನಮ್ಮ ತಂಡದ ಹುಡುಗಿಯೊಬ್ಬಳು, ಆಗ ನಿನ್ನ ವಯಸ್ಸೇ, ಸುಮ್ಮನೆ ಆ ಗೆಸ್ಟ್‌ನ 3270 ಕನ್ಸೋಲ್ ತೆರೆದು ಪರದೆಯ ಕೆಳಗಿನ ಬಲಮೂಲೆ ನೋಡಿದಳು. "ಸಿಪಿ ರೀಡ್" ಅಂತ ಇತ್ತು. ಯಾರೋ ಸಂಜೆ ಕನ್ಸೋಲ್ ನೋಡಲು ಬಂದವರು ಪಿಎ1 ಕೀಲಿ ಒತ್ತಿ ಹೋಗಿದ್ದರು. ಲಿನಕ್ಸ್ ಸತ್ತಿರಲಿಲ್ಲ, ಸಿಪಿ ಅದನ್ನು ನಿಲ್ಲಿಸಿಟ್ಟು, ಮನುಷ್ಯರ ಮುಂದಿನ ಮಾತಿಗಾಗಿ ಕಾಯುತ್ತಿತ್ತು. ಆಕೆ "ಬಿಗಿನ್" ಎಂದು ಟೈಪ್ ಮಾಡಿದಳು. ಬ್ಯಾಚ್ ನಿಂತಲ್ಲಿಂದಲೇ ಓಡಿತು. ಕರೆಯಲ್ಲಿ ಯಾರೂ ಅವಳಿಗೆ ಶಹಬ್ಬಾಸ್ ಅನ್ನಲಿಲ್ಲ, ಏನಾಯಿತೆಂದು ಅವರಿಗೆ ತಿಳಿಯಲೇ ಇಲ್ಲ. ಅವತ್ತೇ ಅವಳು ಎಲ್ಲ ಗೆಸ್ಟ್‌ಗಳ ಪ್ರೊಫೈಲ್‌ನಲ್ಲೂ "ಸೆಟ್ ರನ್ ಆನ್" ಸೇರಿಸಿದಳು. ಅದಿದ್ದರೆ ಕನ್ಸೋಲ್ ಸಿಪಿ ರೀಡ್‌ಗೆ ಹೋದರೂ ಗೆಸ್ಟ್ ಓಡುತ್ತಲೇ ಇರುತ್ತದೆ. ಅದಿಲ್ಲದೆ ಕನ್ಸೋಲನ್ನು ಆ ಸ್ಥಿತಿಯಲ್ಲೇ ಡಿಸ್‌ಕನೆಕ್ಟ್ ಮಾಡಿ ಹೋದರಂತೂ, ಸಾಮಾನ್ಯ ಸೆಟ್ಟಿಂಗ್‌ನಲ್ಲಿ 15 ನಿಮಿಷಕ್ಕೆ ಸಿಪಿ ಆ ಗೆಸ್ಟನ್ನೇ ಹೊರಹಾಕುತ್ತದೆ.

ಆ ಬಲಮೂಲೆಯ ಮೇಲೆ ಕಣ್ಣಿಡು ಮಗಳೇ. "ಮೋರ್" ಅಂತ ಇದ್ದರೆ ಪರದೆ ತುಂಬಿದೆ, ಸ್ವಲ್ಪ ಹೊತ್ತಿಗೆ ತಾನೇ ಮುಂದೆ ಹೋಗುತ್ತದೆ. ಆಗ ಅವಸರಕ್ಕೆ ಎಂಟರ್ ಒತ್ತಿದರೆ "ಹೋಲ್ಡಿಂಗ್" ಬರುತ್ತದೆ. ಕನ್ಸೋಲಿಗೆ ಬರೆಯಲು ಹೊರಟ ಲಿನಕ್ಸ್ ಅಲ್ಲೇ ಸಿಕ್ಕಿಕೊಳ್ಳಬಹುದು. ಕ್ಲಿಯರ್ ಒತ್ತಿದರೆ ಬಿಡುಗಡೆ. "ಡಿಸೇಬಲ್ಡ್ ವೇಟ್" ಎಂಬ ಸಂದೇಶ, ಎಚ್‌ಸಿಪಿಜಿಐಆರ್450ಡಬ್ಲ್ಯೂ, ಬಂದಿದ್ದರೆ ಮಾತ್ರ ಅದು ನಿಜವಾಗಿ ಬಿದ್ದಿದೆ. ಕರ್ನೆಲ್ ಪ್ಯಾನಿಕ್ ಆದರೂ ಇಲ್ಲಿಗೇ ಬಂದು ನಿಲ್ಲುತ್ತದೆ. ಜೊತೆಗಿರುವ ಪಿಎಸ್‌ಡಬ್ಲ್ಯೂ ಅಂಕಿಗಳನ್ನು ಬರೆದಿಟ್ಟುಕೋ.

ಈ ಹಸಿರು ಪರದೆ ನಿನ್ನ ಟರ್ಮಿನಲ್ ಅಲ್ಲ ಅನ್ನುವುದನ್ನೂ ಮರೆಯಬೇಡ. ವಿಐ ಇಲ್ಲಿ ನಡೆಯುವುದಿಲ್ಲ, ಸೆಡ್ ಕಲಿತಿರು. ಕಂಟ್ರೋಲ್-ಸಿ ಬೇಕಾದರೆ ^ ಹಾಕಿ ಪಕ್ಕದಲ್ಲಿ ಸಿ ಅಕ್ಷರ ಟೈಪ್ ಮಾಡಬೇಕು. # ಎಂದರೆ ಸಿಪಿಗೆ ಸಾಲು ಮುಗಿದ ಗುರುತು. ಪಾಸ್‌ವರ್ಡಿನಲ್ಲಿ ಅದಿದ್ದು ಹಾಗೇ ಟೈಪಿಸಿದರೆ ಲಾಗಿನ್ ಆಗದು. ಕೆಲವು ಕಡೆ @ ಹಿಂದಿನ ಅಕ್ಷರವನ್ನು ಅಳಿಸುವಂತೆ ಇಟ್ಟಿರುತ್ತಾರೆ. ಎಸ್‌ಎಸ್‌ಎಚ್ ರೂಟ್@ ಎಂದು ಟೈಪಿಸಿ, ರೂಟ್ ಯಾಕೆ ಒಂದು ಅಕ್ಷರ ಕಳೆದುಕೊಂಡಿತು ಎಂದು ರಾತ್ರಿಯಿಡೀ ತಲೆ ಕೆರೆದುಕೊಂಡವರನ್ನು ಕಂಡಿದ್ದೇನೆ.

ಇನ್ನು ನಿಧಾನದ ರೋಗ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ನಿನ್ನ ಕಚೇರಿಯಲ್ಲಿ ಹೆಚ್ಚಿನ ಜಗಳ ಇದರದ್ದೇ ಇರುತ್ತದೆ. ಗೆಸ್ಟ್ ನಿಧಾನ ಎಂದು ದೂರು ಬರುತ್ತದೆ, ಟಾಪ್ ತೆರೆಯುತ್ತಾರೆ, ಸಿಪಿಯು ಅಷ್ಟೇನೂ ಉಪಯೋಗವಾಗುತ್ತಿಲ್ಲ. ಕೊನೆಯಲ್ಲಿ ಎಸ್‌ಟಿ ಎಂಬ ಅಂಕಣ ಇದೆಯಲ್ಲ, ಅದನ್ನು ಯಾರೂ ಓದುವುದಿಲ್ಲ. ಸ್ಟೀಲ್ ಟೈಮ್. ಲಿನಕ್ಸ್ ಓಡಲು ಸಿದ್ಧವಿದ್ದರೂ ಸಿಪಿಯು ಕೈಗೆ ಸಿಗದೆ ಕಳೆದ ಹೊತ್ತು, ಜೊತೆಗೆ ಅದರ ಪರವಾಗಿ ಝಡ್/ವಿಎಂ ದುಡಿದ ಹೊತ್ತು. ಕರ್ನೆಲ್ 2.6.11ರಿಂದ ಈ ಲೆಕ್ಕ ಸಿಗುತ್ತಿದೆ.

ನಿನಗೆ ನಮ್ಮೂರ ನೀರಿನ ಲೆಕ್ಕ ಗೊತ್ತು. ಇಲ್ಲಿ ಆಲಮಟ್ಟಿಯ ಶಾಸ್ತ್ರಿ ಸಾಗರ ಜಲಾಶಯ 519.60 ಮೀಟರಿಗೆ ತುಂಬಿ 123 ಟಿಎಂಸಿ ನಿಂತರೂ, ಇಂಡಿ ಶಾಖಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪಿತು ಎಂದು ಅರ್ಥವಲ್ಲ. ನೀರು ಇಲ್ಲಿಂದ ನಾರಾಯಣಪುರಕ್ಕೆ ಇಳಿಯಬೇಕು, ಎಡದಂಡೆ ಹಿಡಿಯಬೇಕು, ಶಾಖೆಗೆ ಹೊರಳಬೇಕು, ಚಾಲು-ಬಂದ್ ಪಾಳಿಯಲ್ಲಿ ಆ ಹೊಲದವನ ಸರದಿ ಬರಬೇಕು. ಕೊನೆಯ ಹೊಲದವನು ತನ್ನ ಹೊಲಗಾಲುವೆಯನ್ನು ಇನ್ನೂ ನಾಲ್ಕು ಕವಲು ಮಾಡಿದರೆ ನೀರು ನಾಲ್ಕು ಪಾಲು ಹೆಚ್ಚುವುದಿಲ್ಲ, ಬಂದದ್ದೇ ನಾಲ್ಕಾಗಿ ಹಂಚಿಹೋಗುತ್ತದೆ. ನಿಮ್ಮಲ್ಲೂ ಇದೇ ತಪ್ಪು ನಡೆಯುತ್ತದೆ. ಗೆಸ್ಟ್ ನಿಧಾನ ಎಂದರೆ ಇನ್ನೆರಡು ವರ್ಚುವಲ್ ಸಿಪಿಯು ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಝಡ್/ವಿಎಂ ಪ್ರತಿ ಗೆಸ್ಟ್‌ಗೆ ಒಂದು ಶೇರ್ ಇಟ್ಟಿರುತ್ತದೆ, ಬೇರೆ ಏನೂ ಹೇಳದಿದ್ದರೆ ರಿಲೇಟಿವ್ 100. ಅದು ಇಡೀ ಗೆಸ್ಟ್‌ಗೆ ಸೇರಿದ ಪಾಲು. ಒಂದು ಸಿಪಿಯು ಇದ್ದಾಗ ಅದಕ್ಕೇ 100. ನಾಲ್ಕು ಮಾಡಿದರೆ ತಲಾ 25. ಯಂತ್ರ ಬಿಡುವಾಗಿದ್ದಾಗ ವ್ಯತ್ಯಾಸ ಕಾಣದು. ತಿಂಗಳ ಕೊನೆಯ ನೂಕುನುಗ್ಗಲಿನಲ್ಲಿ ಮಾತ್ರ ಆ ಗೆಸ್ಟ್ ಮೊದಲಿಗಿಂತ ಬಡವಾಗುತ್ತದೆ, ಯಾರಿಗೂ ಕಾರಣ ಹೊಳೆಯುವುದಿಲ್ಲ. ಸಿಪಿಯು ಸೇರಿಸುವ ಮೊದಲು ಶೇರ್ ಕೇಳು. ಲಿನಕ್ಸ್ ಒಳಗಿಂದಲೇ ವಿಎಂಸಿಪಿ ಎಂಬ ಪುಟ್ಟ ಉಪಕರಣದಿಂದ ಸಿಪಿಯನ್ನು ಮಾತಾಡಿಸಬಹುದು. ಅಧಿಕಾರ ಇದ್ದಷ್ಟು ಉತ್ತರ ಬರುತ್ತದೆ.

ಮೆಮೊರಿಯ ವಿಷಯದಲ್ಲಿ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಬೇರೆ ಸರ್ವರುಗಳಿಂದ ಬಂದವರು ಗೆಸ್ಟ್‌ಗೆ ಕೇಳಿದ್ದಕ್ಕಿಂತ ದುಪ್ಪಟ್ಟು ಮೆಮೊರಿ ಕೊಡುತ್ತಾರೆ. ಲಿನಕ್ಸ್ ಸಿಕ್ಕಿದ್ದನ್ನೆಲ್ಲ ಕಡತಗಳ ಕ್ಯಾಶ್ ಮಾಡಿಕೊಂಡು ಕೂರುತ್ತದೆ, ಕೆಳಗೆ ಝಡ್/ವಿಎಂ ಅದೇ ಪುಟಗಳನ್ನು ಡಿಸ್ಕಿಗೆ ಹೊತ್ತು ಹಾಕುತ್ತಾ ಬೆವರುತ್ತದೆ. ಪೇಜ್ ಜಾಗ ಪೂರ್ತಿ ತುಂಬಿದರೆ ಪಿಜಿಟಿ004 ಎಂದು ಹೇಳಿ ಝಡ್/ವಿಎಂ ತಾನೇ ಬೀಳುತ್ತದೆ, ಅದರ ಮೇಲಿನ ಎಲ್ಲ ಗೆಸ್ಟ್‌ಗಳನ್ನೂ ಕರೆದುಕೊಂಡು. ಗೆಸ್ಟ್‌ನ ಮೆಮೊರಿಯನ್ನು ಅದು ತುಸು ಸ್ವಾಪ್ ಮಾಡಲು ಶುರುಮಾಡುವವರೆಗೆ ಇಳಿಸಿ, ಆ ಸ್ವಾಪನ್ನು ವಿಡಿಸ್ಕ್ ಮೇಲೆ ಇಡು. ಡೆವಲಪರುಗಳು ಬೈಯುತ್ತಾರೆ, ಬೈಸಿಕೋ.

ಡಿಸ್ಕ್ ಕಾಣುತ್ತಿಲ್ಲ ಎಂದರೂ ಪದರ ಪದರವಾಗಿಯೇ ಇಳಿ. ಎಲ್‌ಎಸ್‌ಡ್ಯಾಸ್ಡ್‌ನಲ್ಲಿ 0.0.0150 ಇಲ್ಲವೇ? ವಿಎಂಸಿಪಿಯಿಂದ ಸಿಪಿಯನ್ನು ಕೇಳು. ಅದರ ಹತ್ತಿರವೇ ಇಲ್ಲದಿದ್ದರೆ ತಪ್ಪು ಝಡ್/ವಿಎಂನ ಡೈರೆಕ್ಟರಿಯಲ್ಲಿ. ಸಿಪಿಯ ಹತ್ತಿರ ಇದ್ದೂ ಲಿನಕ್ಸಿಗೆ ಕಾಣದಿದ್ದರೆ ಸಿಐಒ-ಇಗ್ನೋರ್ ಪಟ್ಟಿ ಅದನ್ನು ಮುಚ್ಚಿಟ್ಟಿರಬಹುದು, ರೆಡ್ ಹ್ಯಾಟ್‌ನಲ್ಲಿ ಇದು ಬಹಳ. ಅದೂ ಅಲ್ಲವೆಂದರೆ ಆನ್‌ಲೈನ್ ಮಾಡಿಲ್ಲ ಅಷ್ಟೇ.

ಬೂಟೇ ಆಗದಿದ್ದರೆ ಬೂಟ್ ಲೋಡರ್ ಝಿಪ್ಲ್ ನೆನಪಿಸಿಕೋ. ಅದಕ್ಕೆ ಫೈಲ್ ಸಿಸ್ಟಮ್ ಗೊತ್ತಿಲ್ಲ. ಕರ್ನೆಲ್ ಡಿಸ್ಕಿನ ಯಾವ ಬ್ಲಾಕುಗಳಲ್ಲಿದೆ ಎಂದಷ್ಟೇ ಬರೆದಿಟ್ಟುಕೊಳ್ಳುತ್ತದೆ. ಯಾರೋ ಕರ್ನೆಲ್ ಕಡತ ಬದಲಿಸಿ ಝಿಪ್ಲ್ ಓಡಿಸದೆ ಹೋದರೆ ಅದು ಹಳೆಯ ಬ್ಲಾಕುಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ತಪ್ಪಾಗಿ ಬೂಟ್ ನಿಂತರೂ ಸರಿಪಡಿಸುವ ದಾರಿ ಒಂದೇ, ಮತ್ತು ಈ ಯಂತ್ರದ ಸೊಗಸು ನನಗೆ ಕಾಣುವುದು ಇಲ್ಲೇ. ಬಿದ್ದ ಗೆಸ್ಟನ್ನು ಲಾಗಾಫ್ ಮಾಡು. ಚೆನ್ನಾಗಿರುವ ಪಕ್ಕದ ಗೆಸ್ಟ್‌ನಿಂದ ಅದರ 150ನೇ ಡಿಸ್ಕನ್ನು ಲಿಂಕ್ ಮಾಡಿಕೊಂಡು, ಆನ್‌ಲೈನ್ ಮಾಡಿ, ಮೌಂಟ್ ಮಾಡಿ, ಚ್‌ರೂಟ್ ಆಗಿ ಒಳಗೆ ಹೋಗು. ತಿದ್ದು, ಝಿಪ್ಲ್ ಓಡಿಸು, ಅನ್‌ಮೌಂಟ್ ಮಾಡಿ, ಆಫ್‌ಲೈನ್ ಮಾಡಿ, ಡಿಟ್ಯಾಚ್ ಮಾಡು. ಯಾವ ಸಿಡಿಯೂ ಬೇಡ, ಯಂತ್ರದ ಕೋಣೆಗೆ ಓಡುವುದೂ ಬೇಡ. ಲಿಂಕ್ ಮಾಡುವಾಗ ಮಾತ್ರ ಎಂಆರ್ ಎಂದು ಕೇಳು, ಎಂಡಬ್ಲ್ಯೂ ಎಂದೂ ಕೇಳಬೇಡ. ಎಂಆರ್‌ನಲ್ಲಿ ಬೇರೆ ಯಾರಾದರೂ ಬರೆಯುತ್ತಿದ್ದರೆ ಸಿಪಿ ನಿನಗೆ ಓದಲು ಮಾತ್ರ ಬಿಡುತ್ತದೆ. ಎಂಡಬ್ಲ್ಯೂನಲ್ಲಿ ಇಬ್ಬರಿಗೂ ಪೆನ್ನು ಕೊಡುತ್ತದೆ. ಇಬ್ಬರು ಏಕಕಾಲಕ್ಕೆ ಬರೆದ ಫೈಲ್ ಸಿಸ್ಟಮ್ಮನ್ನು ಉಳಿಸಲು ಬ್ಯಾಕಪ್ ಬಿಟ್ಟರೆ ಬೇರೆ ದೇವರಿಲ್ಲ.

ರೀಬೂಟ್ ಮಾಡಲೇಬೇಕಾದ ರಾತ್ರಿಗಳೂ ಬರುತ್ತವೆ, ಇಲ್ಲ ಅನ್ನುವುದಿಲ್ಲ. ಆಗ ಡಂಪ್ ತೆಗೆದುಕೊಂಡು ಮಾಡು. ಕೆಡಂಪ್ ಮೊದಲೇ ಹಾಕಿಸಿದ್ದರೆ ತಾನೇ ಬರೆದಿಡುತ್ತದೆ. ಇಲ್ಲವಾದರೆ ಝಿಪ್ಲ್‌ನಿಂದ ಸಿದ್ಧ ಮಾಡಿಟ್ಟ ಡಂಪ್ ಡಿಸ್ಕಿನಿಂದ ಐಪಿಎಲ್ ಮಾಡು, ಆಮೇಲೆ ಝಡ್‌ಗೆಟ್‌ಡಂಪ್‌ನಿಂದ ಎತ್ತಿಕೊಂಡು ಕ್ರ್ಯಾಶ್‌ನಲ್ಲಿ ನಿಧಾನವಾಗಿ ನೋಡು. ವಿಎಂಡಂಪ್ ಸುಲಭ, ಆದರೆ ದೊಡ್ಡ ಮೆಮೊರಿಯ ಗೆಸ್ಟ್‌ಗೆ ಬೆಳಗಾಗುತ್ತದೆ. ಗೆಸ್ಟ್ ಜೀವಂತ ಇದ್ದರೆ ಡಿಬಿಜಿಇನ್ಫೋ ಓಡಿಸಿ ಕಡತ ಎತ್ತಿಟ್ಟುಕೋ. ಕನ್ಸೋಲನ್ನು ಸದಾ ಸ್ಪೂಲ್ ಮಾಡಿಸಿಟ್ಟಿರು. ಬೀಳುವ ಮೊದಲು ಲಿನಕ್ಸ್ ಆಡಿದ ಕೊನೆಯ ಮಾತು ಎಷ್ಟೋ ಸಲ ಅಲ್ಲಿ ಮಾತ್ರ ಉಳಿದಿರುತ್ತದೆ.

ನಿನ್ನ ಮೊನ್ನೆಯ ಗೆಸ್ಟ್ ಬಗ್ಗೆ ನನ್ನ ಅನುಮಾನ ಬೇರೆ. ಹಿಂದಿನ ಭಾನುವಾರ ಝಡ್/ವಿಎಂ ಅನ್ನೇ ಮರು ಐಪಿಎಲ್ ಮಾಡಿದ್ದರು ಎಂದೆಯಲ್ಲ. ಆಮೇಲೆ ಎಸ್‌ಎಸ್‌ಎಚ್ ಇಲ್ಲ, ಪಿಂಗ್ ಇಲ್ಲ, ಆದರೆ ಕನ್ಸೋಲ್‌ನಲ್ಲಿ ಲಾಗಿನ್ ಕಾಣುತ್ತಿತ್ತು ಎಂದೂ ಹೇಳಿದೆ. ಹಾಗಿದ್ದರೆ ಅದು ಹ್ಯಾಂಗ್ ಅಲ್ಲವೇ ಅಲ್ಲ, ನೆಟ್‌ವರ್ಕ್. ವಿಸ್ವಿಚ್‌ಗೆ ಸೇರಲು ಗೆಸ್ಟ್‌ಗೆ ಗ್ರಾಂಟ್ ಬೇಕು. ಯಾರೋ ಅದನ್ನು ಕಮಾಂಡ್ ಆಗಿ ಕೊಟ್ಟು, ಸಿಸ್ಟಮ್ ಕಾನ್ಫಿಗ್‌ನಲ್ಲಿ ಬರೆಯದೆ ಬಿಟ್ಟಿದ್ದರೆ ಐಪಿಎಲ್ ಆದಮೇಲೆ ಆ ಅನುಮತಿ ಉಳಿದಿರುವುದಿಲ್ಲ. ನೀನು ರೀಬೂಟ್ ಮಾಡುವ ಹೊತ್ತಿನಲ್ಲೇ ಯಾರಾದರೂ ಮತ್ತೆ ಗ್ರಾಂಟ್ ಕೊಟ್ಟಿರಬಹುದು, ಹೆಸರು ನಿನ್ನ ರೀಬೂಟಿಗೆ ಬಂತು. ಆಪರೇಟರ್ ಕನ್ಸೋಲಿನ ದಾಖಲೆಯಲ್ಲಿ ಆ ರಾತ್ರಿಯ ಗ್ರಾಂಟ್ ಇದೆಯೋ, ಕಾನ್ಫಿಗ್ ಕಡತದಲ್ಲಿ ನಿನ್ನ ಗೆಸ್ಟ್‌ನ ಹೆಸರು ಇದೆಯೋ, ಎರಡನ್ನೂ ನೋಡಿ ತಿಳಿಸು. ನಾಗರ ಪಂಚಮಿಗೆ ಬರುವಾಗ ಆ ದಾಖಲೆಗಳನ್ನು ತರಲು ನಿಮ್ಮ ಕಚೇರಿ ಬಿಡುವುದಿಲ್ಲ ಎಂದು ಗೊತ್ತು. ನೋಡಿದ್ದನ್ನು ತಲೆಯಲ್ಲಿಟ್ಟುಕೊಂಡು ಬಾ. ದೊಡ್ಡವ್ವ ಶೇಂಗಾ ಉಂಡಿ ಮಾಡಿಟ್ಟಿರುತ್ತಾಳೆ.

ನಿನ್ನ
ದೊಡ್ಡಪ್ಪ